ಕತ್ತಲ ರಾತ್ರಿಯ ಮನೆತನ

ಹಗಲಿನ ಲಕ್ಕುಂಡಿ ಎಲ್ಲರಿಗೂ ಗೊತ್ತು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥನ ಬಾಗಿಲವಾಡದ ಕುಸುರಿ, ಮುಸುಕಿನ ಬಾವಿಯ ಮೆಟ್ಟಿಲು. ಬಸ್ಸಿಳಿದವರು ಇಷ್ಟು ನೋಡಿ ಗದಗಿಗೆ ಮರಳುತ್ತಾರೆ. ಆದರೆ ಈ ಸೀಮೆಯನ್ನು ಮೊಹರಂನ ಕತ್ತಲ ರಾತ್ರಿ ನೋಡಬೇಕು.

ಮಸೂತಿಯ ಮುಂದೆ ಆಲಾಯಿ ಕುಣಿ ಧಗಧಗ ಉರಿಯುತ್ತಿರುತ್ತದೆ. ಹರಕೆ ಹೊತ್ತವರು ಹಿಡಿ ಉಪ್ಪು ತೂರಿದಾಗ ಕೆಂಡ ಚಟಪಟ ಸಿಡಿಯುತ್ತದೆ. ಹಲಗಿಯ ಪೆಟ್ಟಿಗೆ ಹೆಜ್ಜೆ ಹಾಕುತ್ತ ಮೇಳದವರು ಕುಣಿಯ ಸುತ್ತ ತಿರುಗುತ್ತಾರೆ. ಕೊರಳಿಗೆ ಲಾಡಿ ಕಟ್ಟಿಕೊಂಡು ಫಕೀರರಾದ ಹುಡುಗರಲ್ಲಿ ಎಲ್ಲ ಜಾತಿಯ ಮನೆಯವರೂ ಇದ್ದಾರೆ. ಒಳಗೆ ಲೋಬಾನದ ಹೊಗೆಯಲ್ಲಿ ಪಂಜಾಗಳು ಸಾಲಾಗಿ ನಿಂತಿವೆ: ಮೇಲೆ ಬೆಳ್ಳಿಯ ಹಸ್ತ, ಕೆಳಗೆ ಜರಿಯ ಬಟ್ಟೆ, ಮಲ್ಲಿಗೆ ಮಾಲೆ. ಕೆಂಪು ಸಕ್ಕರೆಯ ಪೊಟ್ಟಣ, ಚೊಂಗೆಯ ಬುಟ್ಟಿ ಹಿಡಿದ ಹೆಂಗಸರು ಬಾಗಿಲಲ್ಲೇ ನಿಂತು ಮುಜಾವರರನ್ನು ಕೂಗುತ್ತಾರೆ: "ಅಜ್ಜಾರ, ನಮ್ದೂ ಸಕ್ರಿ ಓದಿಸ್ರಿ!"

ಆ ಪಂಜಾಗಳ ಸಾಲಿನಲ್ಲಿ ನಿಂತಿರುವುದು ಒಂದೇ ಮನೆತನ, ಮೆಕ್ಕಾದ ಕುರೈಶರಲ್ಲಿ ಹಾಶಿಮನ ವಂಶ. ಪ್ರವಾದಿ ಮುಹಮ್ಮದರು ಹಾಶಿಮನ ಮರಿಮಗ. ಅಳಿಯ ಅಲಿ ಇಲ್ಲಿ ಮೌಲಾಲಿ. ಹಸನ, ಹುಸೇನ ಆತನ ಮಕ್ಕಳು, ಕಾಸಿಂ ಹಸನನ ಮಗ, ಅಬ್ಬಾಸ ಹುಸೇನನ ಮಲತಮ್ಮ. ಹುಸೇನನ ಎದುರು ನಿಂತ ಯಜೀದನೂ ಪರಕೀಯನಲ್ಲ, ಹಾಶಿಮನ ಒಡಹುಟ್ಟಿದ ಅಬ್ದ್ ಶಮ್ಸನ ವಂಶದ ಕುಡಿ. ಅಂದರೆ ದಾಯಾದಿಗಳ ಕಾಳಗ. ಕೌರವ ಪಾಂಡವರ ಕಥೆ ಕೇಳಿ ಬೆಳೆದ ಊರಿಗೆ ಇದನ್ನು ಬಿಡಿಸಿ ಹೇಳುವ ಗರಜೇ ಬಿದ್ದಿರಲಿಕ್ಕಿಲ್ಲ ಎಂದು ನನ್ನ ಗುಮಾನಿ.

680ರ ಅಕ್ಟೋಬರಿನಲ್ಲಿ ಕರ್ಬಲಾದಲ್ಲಿ ಯಜೀದನ ದಂಡು ಯೂಫ್ರೆಟಿಸ್ ನೀರಿಗೆ ಅಡ್ಡ ನಿಂತಿತು. ಹುಸೇನರ ಕೂಸಿಗೂ ಹನಿ ನೀರಿಲ್ಲ. ಮಳೆಗೆ ಮುಗಿಲು ನೋಡುವ ಎರೆ ಹೊಲದ ಜನಕ್ಕೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ಈ ನೀರಡಿಕೆ. ಮೇಳದವರು ಹಾಡುವ ರಿವಾಯತ್ ಪದಗಳಲ್ಲಿ ಕತ್ತಿಗಿಂತ ನೀರಿನ ಮಾತೇ ಮುಂದು. ಕಾಸಿಂನದು ಇನ್ನೊಂದು ಸಂಕಟ: ಬಾಸಿಂಗ ಕಟ್ಟಿದ ಮದುಮಗ ಹಾಗೇ ರಣಕ್ಕೆ ನಡೆದನಂತೆ. ಹಳೆಯ ಅರಬ್ಬೀ ಚರಿತ್ರೆಗಳಲ್ಲಿ ಈ ಮದುವೆ ಇಲ್ಲ. ಇಲ್ಲದಿದ್ದರೇನು, ಪದ ಶುರುವಾದರೆ ಸೆರಗು ಕಣ್ಣಿಗೆ ಹೋಗುತ್ತದೆ.

ಎರಡು ಮೇಳ ಎದುರಾದರೆ ಮಾತ್ರ ಅಳು ನಿಂತು ಹಟ ಏಳುತ್ತದೆ. ಒಂದು ಮೇಳದ ಮುಂದಾಳು ಕಿವಿಗೆ ಕೈ ಹಚ್ಚಿ ಸವಾಲು ಎಸೆಯುತ್ತಾನೆ: ನೀರಿನ ಚೀಲ ಹೊತ್ತು ಬರುವಾಗ ಅಬ್ಬಾಸನ ಯಾವ ಕೈ ಮೊದಲು ಹೋಯಿತು? ಆಚೆ ಮೇಳದವರು ಗುಸುಗುಸು ಮಾಡುತ್ತಾರೆ. ಹಿಂದಿನಿಂದ ಒಬ್ಬ ಮುದುಕ ತಡೆಯಲಾರದೆ ಒದರಿಬಿಡುತ್ತಾನೆ: "ಬಲಗೈಯೋ ತಮ್ಮಾ, ಬಲಗೈ! ಎಡಗೈಯಾಗ ಚೀಲ ಹಿಡದು ಓಡಿದ!"

ಹೊರಗಿನವರು ಹೇಳಿಕೊಟ್ಟರೆ ಲೆಕ್ಕಕ್ಕಿಲ್ಲ ಎಂದು ಸವಾಲು ಹಾಕಿದವರ ತಕರಾರು. ಹಲಗಿ ನಿಲ್ಲಿಸಿ ಜಗಳಕ್ಕೇ ನಿಂತರು.