ಪರಿಸರ ವಿಜ್ಞಾನ: ನಮ್ಮ ಮಕ್ಕಳಿಗೊಂದು ವಿದ್ಯಾಮಾರ್ಗ

೨೦೧೫ರ ಡಿಸೆಂಬರಿನಲ್ಲಿ ಅಡ್ಯಾರು ನದಿಯು ಉಕ್ಕಿ ಚೆನ್ನೈಯನ್ನು ಮುಳುಗಿಸಿತು. ೨೦೧೯ರ ಬೇಸಗೆಯಲ್ಲಿ ಚೆಂಬರಂಬಾಕ್ಕಂ ಜಲಾಶಯವೇ ಬತ್ತಿತು. ಲಾರಿಯ ನೀರೂ ಸಾಲದೆ ಕೆಲವು ಹೋಟೆಲುಗಳು ಮಧ್ಯಾಹ್ನದ ಊಟವನ್ನು ನಿಲ್ಲಿಸಬೇಕಾಯಿತು. ಊಟ ನಿಂತರೆ ನಮ್ಮವರ ಕೆಲಸಕ್ಕೂ ಸಂಚಕಾರವಲ್ಲವೇ? ಒಂದೇ ಊರಿಗೆ ನೆರೆಯೂ ಬರವೂ ಏಕೆ ಬಂದವೆಂಬುದನ್ನು ವಿಚಾರಿಸುವ ಶಾಸ್ತ್ರವೇ ಪರಿಸರ ವಿಜ್ಞಾನ. ಮಳೆನೀರನ್ನು ಹಿಡಿದಿಡುವ ಪಳ್ಳಿಕರಣೆಯ ಜೌಗುಭೂಮಿಯು ಕಟ್ಟಡಗಳಿಂದಲೂ ಕಸದಿಂದಲೂ ಕಿರಿದಾದುದು ಅದಕ್ಕೊಂದು ಕಾರಣ.

ಈ ವಿದ್ಯೆಯನ್ನು ಬಯಸುವವರು ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನವನ್ನು ಆರಿಸಿ, ಬಿ.ಎಸ್ಸಿ. ಮುಗಿಸಬೇಕು. ಮೈಸೂರು, ಬೆಂಗಳೂರು, ಕುವೆಂಪು ವಿಶ್ವವಿದ್ಯಾನಿಲಯಗಳಲ್ಲಿ ಎಂ.ಎಸ್ಸಿ. ವ್ಯಾಸಂಗಕ್ಕೆ ಅವಕಾಶವಿದೆ. ಇಂಜಿನಿಯರಿಂಗ್ ಓದಿದವರಿಗೆ ಇಲ್ಲಿಯ ಅಣ್ಣಾ ವಿಶ್ವವಿದ್ಯಾನಿಲಯವಿದೆ.

ಉದ್ಯೋಗವೆಲ್ಲಿ ಎಂದು ತಂದೆತಾಯಿಗಳು ಕೇಳುವುದು ಸಹಜ. ೧೯೭೪ರ ಜಲಮಾಲಿನ್ಯ ಕಾಯಿದೆಯಿಂದ ರಾಜ್ಯಗಳಲ್ಲಿ ಮಾಲಿನ್ಯ ನಿಯಂತ್ರಣ ಮಂಡಲಿಗಳು ಹುಟ್ಟಿದವು. ತಮಿಳುನಾಡಿನ ಮಂಡಲಿಯು ೧೯೮೨ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಇಂಜಿನಿಯರುಗಳಿಗೂ ವಿಜ್ಞಾನಿಗಳಿಗೂ ಹುದ್ದೆಗಳಿವೆ. ಆದರೆ ಸ್ಪರ್ಧೆ ಬಹಳ. ನೀರು ಪರೀಕ್ಷಿಸುವ ಪ್ರಯೋಗಶಾಲೆಗಳು, ಕಾರ್ಖಾನೆಗಳ ಕೊಳಚೆನೀರಿನ ಶುದ್ಧೀಕರಣ ಘಟಕಗಳು ಇತರ ಆಶ್ರಯಗಳು. ಎಲ್ಲೆಡೆಯೂ ರಸಾಯನಶಾಸ್ತ್ರದ ಗಟ್ಟಿ ತಳಹದಿ ಬೇಕು. ಬರಿಯ ಪದವಿಪತ್ರವು ಸಾಲದು.

ಲಾರಿಗಾಗಿ ಕೊಡ ಹಿಡಿದು ಕಾದ ನಮಗೆ ನೀರಿನ ಬೆಲೆ ತಿಳಿದಿದೆ. ಹತ್ತನೆಯ ತರಗತಿ ಮುಗಿಸಿದ ಮಗನನ್ನಾಗಲಿ ಮಗಳನ್ನಾಗಲಿ ವಾಚಕ ಬಂಧುಗಳು ಹತ್ತಿರ ಕೂರಿಸಿಕೊಂಡು, ಮುಂದಿನ ವಿಷಯ ಆರಿಸುವ ಮುನ್ನ ಈ ಹಾದಿಯನ್ನೂ ಆಲೋಚಿಸಲಿ.