ಮನೆಯ ಲೈಸೆನ್ಸ್ ಕೂಡ ಒಂದು ನುಸ್ಖಾ: ಓದದೆ ಮಡಚಿಡಬೇಡಿ

ಕಳೆದ ವರ್ಷ ಮಳೆ ಜೋರಾಗಿದ್ದ ದಿನಗಳಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಇಬ್ಬರ ಕಣ್ಣೂ ಹಳದಿ. ಊಟ ಸೇರುವುದಿಲ್ಲ, ವಾಂತಿ, ಸುಸ್ತು. ರಕ್ತ ಪರೀಕ್ಷೆಗೆ ಕಳುಹಿಸಿದೆ. ಕಾಮಾಲೆ ಎಂದು ಖಚಿತವಾಯಿತು. ಎರಡು ತಿಂಗಳ ಹಿಂದೆಯಷ್ಟೇ ಅದೇ ಮನೆಯ ಅಜ್ಜಿಗೂ ಕಾಮಾಲೆ ಬಂದಿತ್ತು.

"ಕುಡಿಯುವ ನೀರು ಎಲ್ಲಿಯದು?" ಎಂದು ಕೇಳಿದೆ.

"ನಮ್ಮ ಬಾವಿಯದ್ದೇ ಡಾಕ್ಟ್ರೇ. ಮಾವನವರ ಕಾಲದ ಬಾವಿ. ಒಳ್ಳೆಯ ಸಿಹಿ ನೀರು. ಇಷ್ಟು ವರ್ಷ ಏನೂ ಆಗಿರಲಿಲ್ಲ."

"ಈ ವರ್ಷ ಹೊಸದಾಗಿ ಏನಾದರೂ ಆಗಿದೆಯಾ?"

ಸ್ವಲ್ಪ ಯೋಚಿಸಿ, "ಗಂಡನ ಅಣ್ಣ ಅದೇ ಜಾಗದಲ್ಲಿ ಹೊಸ ಮನೆ ಕಟ್ಟಿದ್ದಾರೆ" ಎಂದರು.

ಅಳೆದು ನೋಡಲು ಹೇಳಿದೆ. ಹೊಸ ಮನೆಯ ಸೆಪ್ಟಿಕ್ ಟ್ಯಾಂಕಿನಿಂದ ಬಾವಿಗೆ ಇದ್ದ ಅಂತರ ಕೇವಲ 25 ಅಡಿ. ನೀರನ್ನು ಪರೀಕ್ಷೆ ಮಾಡಿಸಿದಾಗ ಮಲದ ಬ್ಯಾಕ್ಟೀರಿಯಾ ಪತ್ತೆಯಾಯಿತು. ಅಣ್ಣ ಕೆಟ್ಟವರಲ್ಲ. ಗಲ್ಫ್‌ನಲ್ಲಿ ದುಡಿದು, ಬೆವರು ಸುರಿಸಿ ಕಟ್ಟಿದ ಮನೆ ಅದು. ಅವರ ಕಪಾಟಿನಲ್ಲಿದ್ದ ಲೈಸೆನ್ಸ್ ಪತ್ರದ ಷರತ್ತುಗಳಲ್ಲಿ ಬಾವಿಯಿಂದ ಬಿಡಬೇಕಾದ ಅಂತರವೂ ಬರೆದಿತ್ತು. ಆದರೆ ಆ ಪತ್ರವನ್ನು ಯಾರೂ ಓದಿರಲಿಲ್ಲ. ಮೇಸ್ತ್ರಿ "ಇಲ್ಲಿ ಸುಲಭ" ಎಂದ, ಅಲ್ಲೇ ಗುಂಡಿ ತೋಡಿದರು.

ಮನೆ ಕಟ್ಟುವ ಪ್ರತಿಯೊಂದು ಕುಟುಂಬಕ್ಕೂ ನನ್ನ ವಿನಂತಿ ಇಷ್ಟೇ. ಪಂಚಾಯತ್ ಅಥವಾ ನಗರಸಭೆ ಕೊಡುವ ಪರವಾನಗಿ ಪತ್ರವನ್ನು ಕೇವಲ ಸರಕಾರಿ ಕಾಗದ ಎಂದುಕೊಳ್ಳಬೇಡಿ. ಅದರ ಷರತ್ತುಗಳಲ್ಲಿ ಬಹುಪಾಲು ಆರೋಗ್ಯಕ್ಕೆ ಸಂಬಂಧಿಸಿದವು. ಅದೂ ಒಂದು ನುಸ್ಖಾ. ಔಷಧಿ ತಪ್ಪಿದರೆ ಬದಲಾಯಿಸಬಹುದು, ಎದ್ದು ನಿಂತ ಗೋಡೆಯನ್ನು ಬದಲಾಯಿಸುವುದು ಕಷ್ಟ.

ಯುನಾನಿ ವೈದ್ಯರು ಹೇಳಿದ್ದು

ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳಿವೆ. ಇವನ್ನು 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತೇವೆ. ಅವುಗಳಲ್ಲಿ ಮೊದಲನೆಯದು ನಮ್ಮನ್ನು ಸುತ್ತುವರಿದ ಗಾಳಿ. ಆಹಾರ-ಪಾನೀಯ, ನಿದ್ರೆ-ಎಚ್ಚರ ಮುಂತಾದವು ಅದರ ನಂತರ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ವಾಸಸ್ಥಳದ ಬಗ್ಗೆಯೇ ಪ್ರತ್ಯೇಕವಾಗಿ ಬರೆದಿದ್ದಾರೆ. ಮನೆಗೆ ಜಾಗ ಆರಿಸುವವನು ಅಲ್ಲಿನ ಮಣ್ಣು, ನೀರು, ಗಾಳಿಯನ್ನು ತಿಳಿದುಕೊಳ್ಳಬೇಕು, ಬಿಸಿಲು ಮನೆಯೊಳಗೆ ಬರುವಂತೆ ನೋಡಿಕೊಳ್ಳಬೇಕು ಎಂಬುದು ಅವರ ಸಲಹೆ. ಇಬ್ನ್ ಸೀನಾ ನಿಧನರಾದದ್ದು 1037ರಲ್ಲಿ. ಅಂದಿನ ವೈದ್ಯರ ಮಾತು ಇಂದಿನ ಕಟ್ಟಡ ನಿಯಮಗಳಲ್ಲಿ ಅಡಿ, ಮೀಟರುಗಳ ಲೆಕ್ಕದಲ್ಲಿದೆ.

ಬಾವಿ ಮತ್ತು ಸೆಪ್ಟಿಕ್ ಟ್ಯಾಂಕ್

ಕುಡಿಯುವ ನೀರಿನ ಮೂಲದಿಂದ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಬೇಕು ಎಂಬುದು ರಾಷ್ಟ್ರೀಯ ಮಾನದಂಡ. ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ಇಲ್ಲಿನ ಕೆಂಪು ಮುರಕಲ್ಲಿನಲ್ಲಿ ರಂಧ್ರಗಳು ಬಹಳ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಗುಂಡಿಯ ಕೊಳೆ ಸುಲಭವಾಗಿ ಬಾವಿಗೆ ಸೇರುತ್ತದೆ. ಕಾಮಾಲೆ, ಟೈಫಾಯ್ಡ್, ಭೇದಿ ಎಲ್ಲವೂ ಈ ದಾರಿಯಲ್ಲೇ ಬರುತ್ತವೆ. ನೀರು ತಿಳಿಯಾಗಿ, ಸಿಹಿಯಾಗಿ ಕಂಡ ಮಾತ್ರಕ್ಕೆ ಶುದ್ಧ ಎಂದು ತಿಳಿಯಬೇಡಿ.

ಐದು ಸೆಂಟ್ಸ್ ಜಾಗದಲ್ಲಿ 60 ಅಡಿ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದ್ದರಿಂದಲೇ ನಕ್ಷೆ ಬರೆಸುವಾಗ ಮೊದಲು ಬಾವಿಯನ್ನು ಗುರುತಿಸಿ, ನಿಮ್ಮದನ್ನು ಮಾತ್ರವಲ್ಲ, ಪಕ್ಕದ ಮನೆಯವರ ಬಾವಿಯನ್ನೂ. ಆಮೇಲೆ ಶೌಚಾಲಯ, ಕೊನೆಗೆ ಸಿಟ್‌ಔಟ್. ನಾವು ಮಾಡುವುದು ಇದರ ತಿರುಗುಮುರುಗು. ಇಳಿಜಾರು ಇದ್ದರೆ ಬಾವಿಯ ಮೇಲ್ಭಾಗದಲ್ಲಿ ಎಂದೂ ಗುಂಡಿ ತೋಡಬೇಡಿ. ಒಳಚರಂಡಿ ಇದ್ದಲ್ಲಿ ಅದಕ್ಕೇ ಜೋಡಿಸಿ. ಅಂತರ ಸಾಲದಿದ್ದರೆ ಆ ಬಾವಿಯ ನೀರನ್ನು ಕುಡಿಯಲು ಬಳಸದೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ನೆರೆಯವನ ಹಕ್ಕಿನ ಬಗ್ಗೆ ನಾವು ಮಸೀದಿಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅವನ ಬಾವಿಯೂ ಆ ಹಕ್ಕಿನಲ್ಲಿ ಸೇರಿದೆ.

ಕಿಟಕಿ, ಗಾಳಿ ಮತ್ತು ಪರ್ದಾ

ಕೋಣೆಯ ನೆಲದ ವಿಸ್ತೀರ್ಣಕ್ಕೆ ತಕ್ಕಂತೆ ಕಿಟಕಿ ಇರಬೇಕು. ಸೆಖೆ ಮತ್ತು ತೇವ ಎರಡೂ ಇರುವ ಪ್ರದೇಶಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಆರರಲ್ಲೊಂದು ಭಾಗ. 10 ಅಡಿಗೆ 12 ಅಡಿಯ ಕೋಣೆ ಎಂದರೆ 120 ಚದರ ಅಡಿ, ಅದಕ್ಕೆ 20 ಚದರ ಅಡಿ ಕಿಟಕಿ ಬೇಕು. ಅಡುಗೆಮನೆಗೆ ಇದಕ್ಕಿಂತ ಕಾಲುಭಾಗ ಹೆಚ್ಚು. ಒಣ ಹವೆಯ ಬಿಸಿ ಪ್ರದೇಶಗಳಿಗೆ ಹತ್ತರಲ್ಲೊಂದು ಭಾಗ ಸಾಕು. ನಿಮ್ಮ ಊರಿನ ನಿಯಮಾವಳಿ ಬೇರೆ ಲೆಕ್ಕ ಹೇಳಿದರೆ ಅದನ್ನೇ ಪಾಲಿಸಿ.

ನಮ್ಮ ಮನೆಗಳಲ್ಲಿ ಇನ್ನೊಂದು ಸಮಸ್ಯೆ ಇದೆ. ನಕ್ಷೆಯಲ್ಲಿ ಕಿಟಕಿ ಇರುತ್ತದೆ, ಆದರೆ ಹೆಂಗಸರು ಇರುವ ಕೋಣೆ ಎಂದು ವರ್ಷಪೂರ್ತಿ ಮುಚ್ಚಿರುತ್ತದೆ. ಮೇಲೆ ದಪ್ಪ ಪರದೆ. ಹಗಲೂ ಟ್ಯೂಬ್‌ಲೈಟ್. ಗೋಡೆಗಳಲ್ಲಿ ತೇವ, ಮೂಲೆಗಳಲ್ಲಿ ಫಂಗಸ್, ಮಕ್ಕಳಿಗೆ ನಿಲ್ಲದ ಕೆಮ್ಮು ಮತ್ತು ಉಬ್ಬಸ. ಮನೆಯಲ್ಲಿ ಒಬ್ಬರಿಗೆ ಕ್ಷಯ ಇದ್ದರೆ ಗಾಳಿಯಾಡದ ಕೋಣೆಯಲ್ಲಿ ಅದು ಉಳಿದವರಿಗೂ ಸುಲಭವಾಗಿ ಹರಡುತ್ತದೆ.

ಮರೆಯೂ ಬೇಕು, ಗಾಳಿಯೂ ಬೇಕು. ಎರಡನ್ನೂ ಪಡೆಯುವುದು ನಕ್ಷೆಯ ಹಂತದಲ್ಲಿ ಕಷ್ಟವಲ್ಲ. ನಿಮ್ಮ ಕಿಟಕಿ ನೆರೆಮನೆಯ ಕಿಟಕಿಗೆ ನೇರ ಎದುರಾಗದಂತೆ ಇಡಿ. ಕಿಟಕಿಯ ಕೆಳಗಿನ ಅಂಚನ್ನು ಕಣ್ಣಿನ ಎತ್ತರಕ್ಕಿಂತ ಮೇಲಿಡಬಹುದು. ಸೂರಿನ ಹತ್ತಿರ ವೆಂಟಿಲೇಟರ್ ಇಟ್ಟರೆ ಬಿಸಿಗಾಳಿ ಹೊರಹೋಗುತ್ತದೆ. ಜಾಲಿ ಇಟ್ಟಿಗೆಯಿಂದ ಮರೆಯೂ ಆಗುತ್ತದೆ. ಹಿಂದಿನವರು ಮನೆಯ ನಡುವೆ ಅಂಗಳ ಬಿಡುತ್ತಿದ್ದದ್ದು ಸುಮ್ಮನೆ ಅಲ್ಲ. ಟೆರೇಸಿನಲ್ಲಿ ಮರೆ ಮಾಡಿದ ಒಂದು ಮೂಲೆ ಇದ್ದರೆ ಹೆಂಗಸರಿಗೆ ಬಿಸಿಲೂ ಸಿಗುತ್ತದೆ. ವಿಟಮಿನ್ ಡಿ ಕೊರತೆ, ಮೈಕೈ ನೋವು ಎಂದು ಬರುವ ಎಷ್ಟೋ ಸಹೋದರಿಯರಿಗೆ ನಾನು ಇದನ್ನೂ ಹೇಳುತ್ತೇನೆ.

ಸೆಟ್‌ಬ್ಯಾಕ್ ಎಂದರೆ ವ್ಯರ್ಥ ಜಾಗವಲ್ಲ

ಸುತ್ತಲೂ ಬಿಡಬೇಕಾದ ಜಾಗ ಎಷ್ಟು ಎಂಬುದು ನಿವೇಶನದ ಅಳತೆಯ ಮೇಲೆ ನಿರ್ಧಾರವಾಗುತ್ತದೆ. ಹಲವರು ಪರವಾನಗಿ ಸಿಕ್ಕಿದ ಮೇಲೆ ಅಲ್ಲಿಗೆ ಶೀಟ್ ಹಾಕಿ, ಸೌದೆ, ಗ್ಯಾಸ್ ಸಿಲಿಂಡರ್, ಹಳೇ ಸಾಮಾನು ತುಂಬಿಸುತ್ತಾರೆ. ಕಿಟಕಿಗೆ ಗಾಳಿ ಬರುವ ದಾರಿಯೇ ಅದು. ಬೆಂಕಿ ಬಿದ್ದರೆ ಓಡುವ ದಾರಿಯೂ ಅದೇ.

ಬಚ್ಚಲುಮನೆಯ ವೆಂಟಿಲೇಟರ್

ಬಚ್ಚಲುಮನೆಯ ಒಂದು ಗೋಡೆಯಾದರೂ ಹೊರಗಾಳಿಗೆ ತೆರೆದಿರಬೇಕು. ತೆರೆದ ಭಾಗ ಕನಿಷ್ಠ 0.37 ಚದರ ಮೀಟರ್, ಅಂದರೆ ಸುಮಾರು 4 ಚದರ ಅಡಿ. ಚಳಿಗೆಂದೋ ಸೊಳ್ಳೆಗೆಂದೋ ಇದನ್ನು ಗಾಜಿನಿಂದ ಮುಚ್ಚಿ, ಒಳಗೆ ಗ್ಯಾಸ್ ಗೀಸರ್ ಇಡುವವರಿದ್ದಾರೆ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪಿ, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಇಡಿ. ಸೊಳ್ಳೆಗೆ ಬಲೆ ಸಾಕು.

ನಿಂತ ನೀರು, ಹರಿಯುವ ನೀರು

ಮಂಗಳೂರಿನಲ್ಲಿ 1990ರ ದಶಕದಿಂದ ಮಲೇರಿಯಾ ಹೆಚ್ಚಿದ್ದಕ್ಕೆ ಕಟ್ಟಡ ಕಾಮಗಾರಿಗಳಲ್ಲಿ ನಿಂತ ನೀರೂ ಒಂದು ಕಾರಣ. ಕ್ಯೂರಿಂಗ್‌ಗೆ ಕಟ್ಟಿದ ನೀರು, ತೆರೆದ ಡ್ರಮ್, ಮುಚ್ಚದ ಸಂಪ್ ಎಲ್ಲವೂ ಸೊಳ್ಳೆಯ ತೊಟ್ಟಿಲು. ವಾರಕ್ಕೊಮ್ಮೆಯಾದರೂ ಖಾಲಿ ಮಾಡಿಸಿ. ಕೆಲಸದವರೂ ನಿಮ್ಮ ಜವಾಬ್ದಾರಿಯೇ. ಅವರಿಗೆ ಶೌಚಾಲಯ ಮತ್ತು ಸೊಳ್ಳೆಪರದೆ ಕೊಡಿ.

ಮಳೆನೀರು ಕೊಯ್ಲು ಎಂಬ ಷರತ್ತನ್ನು ಪೈಪ್ ತೋರಿಸಿ ಮುಗಿಸಬೇಡಿ. 1,000 ಚದರ ಅಡಿ ಚಾವಣಿಯ ಮೇಲೆ 3,500 ಮಿಲಿಮೀಟರ್ ಮಳೆ ಬಿದ್ದರೆ ಮೂರು ಲಕ್ಷ ಲೀಟರಿಗೂ ಹೆಚ್ಚು ನೀರು. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಮರಳು-ಜಲ್ಲಿಯ ಸೋಸುಗುಂಡಿಯ ಮೂಲಕವೇ ಬಾವಿಯ ಬಳಿ ಇಂಗಿಸಿ.

ಕೆಲಸ ಶುರುವಾಗುವ ಮುನ್ನ

ಲೈಸೆನ್ಸ್ ಪತ್ರವನ್ನು ಮನೆಯವರೆಲ್ಲ ಕುಳಿತು ಓದಿ. ಅಡುಗೆಮನೆ, ಬಚ್ಚಲಿನ ವಿಷಯದಲ್ಲಿ ಹೆಂಗಸರ ಮಾತನ್ನು ಮೊದಲು ಕೇಳಿ, ಅಲ್ಲಿ ಹೆಚ್ಚು ಹೊತ್ತು ಇರುವವರು ಅವರೇ. ಅರ್ಥವಾಗದ ಷರತ್ತನ್ನು ಇಂಜಿನಿಯರ್ ಹತ್ತಿರ ಬಿಡಿಸಿ ಕೇಳಿ, ಒಂದು ಪ್ರತಿಯನ್ನು ಮೇಸ್ತ್ರಿಯ ಕೈಗೆ ಕೊಡಿ. ನಕ್ಷೆಗೆ ವಿರುದ್ಧವಾಗಿ ಕಟ್ಟಿದರೆ ಆರೋಗ್ಯದ ಜೊತೆ ಹಣವೂ ಹೋದೀತು. ಮುಕ್ತಾಯ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ನಿಮ್ಮ ಮನೆಗೆ ಈಗ ಅನ್ವಯಿಸುವ ನಿಯಮವನ್ನು ಕಚೇರಿಯಲ್ಲೇ ವಿಚಾರಿಸಿ.

ಈಗಾಗಲೇ ಮನೆ ಕಟ್ಟಿಯಾಗಿದೆಯೇ? ಈ ವಾರವೇ ಟೇಪ್ ಹಿಡಿದು ಬಾವಿಯಿಂದ ಗುಂಡಿಗೆ ಅಳೆಯಿರಿ. ಮಳೆಗಾಲದಲ್ಲಿ ನೀರು ಪರೀಕ್ಷೆ ಮಾಡಿಸಿ. ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ. ಕಣ್ಣು ಹಳದಿಯಾದರೆ ಮನೆಮದ್ದು ಎಂದು ದಿನ ಕಳೆಯದೆ ರಕ್ತ ಪರೀಕ್ಷೆ ಮಾಡಿಸಿ.

ಆ ಕುಟುಂಬದ ಕತೆ ಹೇಳಿ ಮುಗಿಸುತ್ತೇನೆ. ನೀರಿನ ವರದಿ ನೋಡಿದ ಅಣ್ಣ ಒಂದು ಮಾತೂ ಆಡಲಿಲ್ಲ. ಹೊಸದಾಗಿ ಹಾಸಿದ್ದ ಇಂಟರ್‌ಲಾಕ್ ಕೀಳಿಸಿ, ಜಾಗದ ಕೆಳಗಿನ ಮೂಲೆಯಲ್ಲಿ ಬೇರೆ ಟ್ಯಾಂಕ್ ಕಟ್ಟಿಸಿದರು. ಹಳೆಯದನ್ನು ಖಾಲಿ ಮಾಡಿಸಿ ಮುಚ್ಚಿದರು. ಬಾವಿಯನ್ನು ಶುಚಿ ಮಾಡಿಸಿ, ಕ್ಲೋರಿನ್ ಹಾಕಿಸಿದರು. ಖರ್ಚು ಸಾಕಷ್ಟಾಯಿತು. ಈ ಮಳೆಗಾಲದಲ್ಲಿ ಆ ಮನೆಯ ಮಕ್ಕಳು ನನ್ನಲ್ಲಿಗೆ ಬಂದದ್ದು ನೆಗಡಿಗೆ ಮಾತ್ರ. "ಡಾಕ್ಟ್ರೇ, ಆ ಕಾಗದವನ್ನು ಮೊದಲೇ ಓದಿದ್ದರೆ..." ಎಂದರು ಅಣ್ಣ. ನೀವಾದರೂ ಮೊದಲೇ ಓದಿ.