ಒಂದು ಕರೆಂಟ್ ಬಿಲ್, ಎರಡು ಶಾಸ್ತ್ರ

ಧಾರವಾಡದ ಲಕಮನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎಚ್‌ಟಿ (ಹೈ ಟೆನ್ಷನ್) ಸಂಪರ್ಕ ಇರುವ ಯಾವುದಾದರೂ ಕಾರ್ಖಾನೆಯ ಕರೆಂಟ್ ಬಿಲ್ ಸಿಕ್ಕರೆ ಬಿಡಿಸಿ ನೋಡಿ. ಮನೆಯ ಬಿಲ್ಲಿನಲ್ಲಿ ನಾವು ಗಮನ ಕೊಡದ ಸಾಲುಗಳು ಅದರಲ್ಲಿವೆ: ಒಪ್ಪಂದದ ಬೇಡಿಕೆ, ಆ ತಿಂಗಳು ದಾಖಲಾದ ಗರಿಷ್ಠ ಬೇಡಿಕೆ, ಪವರ್ ಫ್ಯಾಕ್ಟರ್ (ಲೈನಿನ ಹೊರೆಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು). ಲೇತ್, ಡ್ರಿಲ್ಲಿಂಗ್ ಮಷಿನ್, ಕಂಪ್ರೆಸರ್ ಎಲ್ಲ ಸೇರಿ 90 ಕಿಲೋವ್ಯಾಟ್ ಎಳೆಯುತ್ತಿವೆ ಎನ್ನೋಣ. ಪವರ್ ಫ್ಯಾಕ್ಟರ್ 0.75 ಇದ್ದರೆ ಲೈನಿನ ಮೇಲೆ ಬೀಳುವ ಹೊರೆ 120 ಕೆವಿಎ. ಅದನ್ನು 0.95ಕ್ಕೆ ಏರಿಸಿದರೆ ಅದೇ ಕೆಲಸಕ್ಕೆ 95 ಕೆವಿಎ ಸಾಕು. ಅದಕ್ಕೆ ಸುಮಾರು 50 ಕೆವಿಎಆರ್ ಕೆಪಾಸಿಟರ್ ಬ್ಯಾಂಕ್ ಕೂಡಿಸಬೇಕು. ಎಲೆಕ್ಟ್ರಿಕಲ್ ಎಂಜಿನಿಯರ್ ಇಷ್ಟು ಹೇಳಿ ಎದ್ದು ಹೋಗಬಹುದು. ಆದರೆ ಕೆಪಾಸಿಟರ್‌ಗೆ ಹಾಕಿದ ದುಡ್ಡು ಎಷ್ಟು ತಿಂಗಳಲ್ಲಿ ಮರಳೀತು? ಸಾಲ ಮಾಡಿ ತಂದರೆ ಬಡ್ಡಿ ಕಳೆದು ಉಳಿಯುವುದೇನು? ಅದೇ ದುಡ್ಡಿಗೆ ಇನ್ನೊಂದು ಲೇತ್ ಕೊಂಡರೆ ಹೆಚ್ಚು ಗಿಟ್ಟೀತೇ? ಇವು ಅರ್ಥಶಾಸ್ತ್ರದ ಪ್ರಶ್ನೆಗಳು. ಮಾಲೀಕರಿಗೆ ಎರಡೂ ಉತ್ತರ ಒಂದೇ ದಿನ ಬೇಕು.

ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಅರ್ಥಶಾಸ್ತ್ರ ಎರಡನ್ನೂ ಜೊತೆಯಲ್ಲಿ ಓದಬೇಕೆನ್ನುವ ಹುಡುಗ ಹುಡುಗಿಯರಿಗೆ ‘ಇದೇನು ಎತ್ತು ಏರಿಗೆ, ಕೋಣ ನೀರಿಗೆ’ ಎಂದು ಹೇಳುವವರೇ ಹೆಚ್ಚು. ಆ ಮಾತು ತಪ್ಪು. ಈ ಎರಡು ವಿಷಯಗಳು ಗಣಿತದಲ್ಲೇ ಒಂದಾಗುತ್ತವೆ.

ಒಂದು ಲೆಕ್ಕ ಮಾಡಿ ನೋಡೋಣ. ಎರಡು ವಿದ್ಯುತ್ ಸ್ಥಾವರಗಳಿವೆ. ಮೊದಲನೆಯದರಲ್ಲಿ ಇನ್ನೊಂದು ಯೂನಿಟ್ ಉತ್ಪಾದಿಸಲು ತಗಲುವ ಖರ್ಚು 2 ರೂಪಾಯಿಯಿಂದ ಶುರುವಾಗಿ ಪ್ರತಿ ಮೆಗಾವ್ಯಾಟ್‌ಗೆ 2 ಪೈಸೆಯಂತೆ ಏರುತ್ತದೆ. ಎರಡನೆಯದರಲ್ಲಿ 3 ರೂಪಾಯಿಯಿಂದ ಶುರುವಾಗಿ 1 ಪೈಸೆಯಂತೆ ಏರುತ್ತದೆ. ಊರಿಗೆ ಬೇಕಾದದ್ದು 200 ಮೆಗಾವ್ಯಾಟ್. ಮೊದಲನೆಯದು ಅಗ್ಗವಲ್ಲವೇ, ಪೂರ್ತಿ ಅದರಿಂದಲೇ ತೆಗೆದರಾಯಿತು ಎನ್ನುವಂತಿಲ್ಲ. ಹಾಗೆ ಮಾಡಿದರೆ ಕೊನೆಯ ಯೂನಿಟ್‌ಗೆ 6 ರೂಪಾಯಿ ಬೀಳುತ್ತದೆ. ಪಕ್ಕದ ಸ್ಥಾವರ 3 ರೂಪಾಯಿಗೆ ಕೊಡಲು ತಯಾರಾಗಿ ಸುಮ್ಮನೆ ಕೂತಿರುತ್ತದೆ. ಎರಡರ ಕೊನೆಯ ಯೂನಿಟ್ ಖರ್ಚು ಸಮವಾಗುವಂತೆ ಹಂಚಿದಾಗಲೇ ಒಟ್ಟು ಖರ್ಚು ಕಡಿಮೆ: ತಲಾ 100 ಮೆಗಾವ್ಯಾಟ್, ಎರಡರದೂ 4 ರೂಪಾಯಿ. ಬೇಡಿಕೆ 230ಕ್ಕೆ ಏರಿದರೆ ಹಂಚಿಕೆ 110 ಮತ್ತು 120 ಆಗುತ್ತದೆ. ಕೊನೆಯ ಯೂನಿಟ್ ಖರ್ಚು 4 ರೂಪಾಯಿ 20 ಪೈಸೆ.

ಎಲೆಕ್ಟ್ರಿಕಲ್ ವಿದ್ಯಾರ್ಥಿ ಮೂರನೇ ಅಥವಾ ನಾಲ್ಕನೇ ವರ್ಷ ಪವರ್ ಸಿಸ್ಟಮ್ ಪಾಠದಲ್ಲಿ ಈ 4.20 ಎಂಬ ಅಂಕಿಯನ್ನು ಲ್ಯಾಂಬ್ಡಾ ಎಂದು ಬರೆದು ಅಂಕ ಗಳಿಸುತ್ತಾನೆ. ಅರ್ಥಶಾಸ್ತ್ರದ ವಿದ್ಯಾರ್ಥಿನಿ ಮೊದಲ ವರ್ಷವೇ ಅದನ್ನು ಸೀಮಾಂತ ವೆಚ್ಚ ಎಂದು ಓದಿರುತ್ತಾಳೆ. ಒಂದೇ ಲೆಕ್ಕ, ಒಂದೇ ಉತ್ತರ. 2008ರಲ್ಲಿ ಶುರುವಾದ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್‌ನಲ್ಲಿ ನಾಳೆಯ ವಿದ್ಯುತ್ತನ್ನು ಇಂದೇ 15 ನಿಮಿಷದ 96 ತುಂಡುಗಳಾಗಿ ಕೊಳ್ಳುವ, ಮಾರುವ ವ್ಯವಹಾರ ನಿಂತಿರುವುದೂ ಈ ತತ್ವದ ಮೇಲೆಯೇ.

ಗಣಿತದಲ್ಲಿ ಸಿಗದ ಸಂಗತಿಯೂ ಒಂದಿದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ. ತ್ರೀ ಫೇಸ್ ಯಾವಾಗ ಬರುತ್ತದೋ ಗೊತ್ತಿಲ್ಲದ ರೈತ ಆಟೋ ಸ್ಟಾರ್ಟರ್ ಹಾಕಿಟ್ಟು ಮಲಗುತ್ತಾನೆ. ಕರೆಂಟ್ ಬಂದ ಗಳಿಗೆಗೆ ಆ ಲೈನಿನ ಅಷ್ಟೂ ಮೋಟಾರುಗಳು ಒಟ್ಟಿಗೆ ಏಳುತ್ತವೆ, ವೋಲ್ಟೇಜ್ ಕುಸಿಯುತ್ತದೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುತ್ತದೆ. ಎಂಜಿನಿಯರ್ ದೊಡ್ಡ ಟಿಸಿ ಕೂಡಿಸಿರಿ ಎನ್ನುತ್ತಾನೆ. ಅರ್ಥಶಾಸ್ತ್ರ ಓದಿದವರು ಬೆಲೆ ಸೊನ್ನೆಯಾದಲ್ಲಿ ಬಳಕೆಗೆ ಅಂಕೆ ಎಲ್ಲಿಂದ ಬರಬೇಕು ಎಂದು ಕೇಳುತ್ತಾರೆ. ರೈತನ ಕಡೆಯಿಂದ ನೋಡಿದರೆ ಅವನು ಮಾಡಿದ್ದೂ ಸರಿಯೇ. ಸರದಿ ತಪ್ಪಿದರೆ ಬೆಳೆಗೆ ನೀರಿಲ್ಲ. ಮನುಷ್ಯರು ನಿಯಮಕ್ಕೆ ತಕ್ಕಂತೆ ನಡೆ ಬದಲಿಸುತ್ತಾರೆ, ತಂತಿ ಬದಲಿಸುವುದಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಡಿಮೆ ಕಲಿಸುವ ಪಾಠ ಇದು, ನನ್ನ ಎಣಿಕೆಯಲ್ಲಿ ಅರ್ಥಶಾಸ್ತ್ರ ಓದಲು ಇದೊಂದೇ ಕಾರಣ ಸಾಕು.

ಎರಡನ್ನೂ ಬೆರೆಸಿ ಯೋಚಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅಮೂಲ್ಯ ಕೆ.ಎನ್. ರೆಡ್ಡಿ ಮತ್ತು ಅವರ ಸಂಗಡಿಗರು 2000ನೇ ಇಸವಿಗೆ ಕರ್ನಾಟಕಕ್ಕೆ ಎಷ್ಟು ವಿದ್ಯುತ್ ಬೇಕಾದೀತೆಂದು ಲೆಕ್ಕ ಹಾಕಿ 1991ರಲ್ಲಿ ಪ್ರಕಟಿಸಿದರು. ಸರ್ಕಾರದ ದೀರ್ಘಾವಧಿ ಯೋಜನೆ ಹಳೆಯ ಬೆಳವಣಿಗೆಯನ್ನೇ ಮುಂದಕ್ಕೆ ಎಳೆದಿತ್ತು. ರೆಡ್ಡಿಯವರು ಜನಕ್ಕೆ ಬೇಕಾದದ್ದು ಬೆಳಕು, ನೀರು, ಬಿಸಿನೀರು ಎಂದು ಶುರುಮಾಡಿ, ಒಳ್ಳೆಯ ಪಂಪು, ಒಳ್ಳೆಯ ದೀಪ, ಸೌರ ಹೀಟರ್‌ಗಳ ಲೆಕ್ಕ ತೆಗೆದರು. ಬಂದ ಮೊತ್ತ ಸರ್ಕಾರಿ ಅಂದಾಜಿನ ಅರ್ಧಕ್ಕಿಂತ ಕಡಿಮೆ. ಅಂದಹಾಗೆ ರೆಡ್ಡಿಯವರ ಮೂಲ ವಿಷಯ ಎಲೆಕ್ಟ್ರಿಕಲ್ಲೂ ಅಲ್ಲ, ಅರ್ಥಶಾಸ್ತ್ರವೂ ಅಲ್ಲ. ಅವರು ವಿದ್ಯುದ್ರಸಾಯನ ವಿಜ್ಞಾನಿ.

ಈಗ ಓದಿನ ದಾರಿ. ಅಮೆರಿಕದಲ್ಲಿ ಡಬಲ್ ಮೇಜರ್ ಎಂದರೆ ಒಂದೇ ವಿಶ್ವವಿದ್ಯಾಲಯದ ಒಂದೇ ಪದವಿಯಲ್ಲಿ ಎರಡು ಮುಖ್ಯ ವಿಷಯ. ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ಬಿಎ, ಬಿಎಸ್ಸಿ ಕಾಲೇಜುಗಳದ್ದಾಗಿತ್ತು, ಎಂಜಿನಿಯರಿಂಗ್‌ಗೆ ಅನ್ವಯಿಸಲಿಲ್ಲ. 2024-25ರಿಂದ ಮೂರು ವರ್ಷದ ಪದವಿಯೇ ಮರಳಿದೆ. ಹಾಗಾಗಿ ಲಕಮನಹಳ್ಳಿಯ ಪಿಯು ವಿದ್ಯಾರ್ಥಿಗೆ ಉಳಿಯುವ ದಾರಿಗಳು ಬೇರೆ.

ಹತ್ತಿರದ್ದು ಗೋವಾದ ಬಿಟ್ಸ್. ಅಲ್ಲಿ ಅರ್ಥಶಾಸ್ತ್ರದ ಎಂಎಸ್ಸಿಗೆ ಸೇರಿದವರು ಜೊತೆಗೆ ಬಿಇಯನ್ನೂ ಪಡೆಯಬಹುದು, ಒಟ್ಟು ಐದು ವರ್ಷ. ಆದರೆ ಬಿಇ ಶಾಖೆ ಸಿಗುವುದು ಮೊದಲ ವರ್ಷದ ಅಂಕದ ಮೇಲೆ. ಎಲೆಕ್ಟ್ರಿಕಲ್ಲೇ ಸಿಕ್ಕೀತೆಂಬ ಖಾತ್ರಿ ಇಲ್ಲ. ಖಾಸಗಿ ಶುಲ್ಕದ ಭಾರವನ್ನು ಮನೆಯವರು ಮೊದಲೇ ತೂಗಿ ನೋಡಬೇಕು. ಕಾನ್ಪುರದ ಐಐಟಿಯಲ್ಲಿ ಎರಡನೇ ಮೇಜರ್‌ಗೆ ಅವಕಾಶವಿದೆ, ಅಲ್ಲಿ ಅರ್ಥಶಾಸ್ತ್ರ ವಿಭಾಗವೂ ಇದೆ.

ಊರು ಬಿಡದೆ ಓದುವುದಾದರೆ ಎಲೆಕ್ಟ್ರಿಕಲ್‌ಗೆ ಇಲ್ಲಿ ಕೊರತೆಯಿಲ್ಲ. 1947ರ ಬಿವಿಬಿ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಧವಳಗಿರಿಯ ಎಸ್‌ಡಿಎಂ ಕಾಲೇಜು 1979ರದ್ದು. 2016ರಲ್ಲಿ ಧಾರವಾಡಕ್ಕೆ ಬಂದ ಐಐಟಿ ಶುರುವಾದದ್ದೇ ಎಲೆಕ್ಟ್ರಿಕಲ್ ಸೇರಿ ಮೂರು ಶಾಖೆಗಳಿಂದ. ಅರ್ಥಶಾಸ್ತ್ರವನ್ನು ಜೊತೆಗೂಡಿಸಲು 2022ರ ಯುಜಿಸಿ ಮಾರ್ಗಸೂಚಿ ಬಾಗಿಲು ತೆರೆದಿದೆ: ಒಂದು ಪದವಿಯನ್ನು ತರಗತಿಯಲ್ಲಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಏಕಕಾಲಕ್ಕೆ ಮಾಡಬಹುದು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಅಥವಾ ಇಗ್ನೋದಲ್ಲಿ ಬಿಎಗೆ ಹೆಸರು ಹಚ್ಚಬಹುದು. ನನಗೆ ಈ ದಾರಿ ಅಷ್ಟು ಹಿಡಿಸುವುದಿಲ್ಲ. ಬಿಎ ಎಂದರೆ ಬರೀ ಅರ್ಥಶಾಸ್ತ್ರವಲ್ಲ, ಭಾಷೆ ಮತ್ತಿತರ ಪತ್ರಿಕೆಗಳೂ ಇರುತ್ತವೆ. ಎರಡೂ ಕಡೆಯ ಪರೀಕ್ಷೆ ಒಂದೇ ವಾರ ಬಂದರೆ ಕೇಳುವವರಿಲ್ಲ.

ಅದಕ್ಕಿಂತ ಮೈನರ್ ಒಳ್ಳೆಯದು. ಎಐಸಿಟಿಇ ಮಾದರಿಯಲ್ಲಿ ಬಿಟೆಕ್‌ನ ಸುಮಾರು 160 ಕ್ರೆಡಿಟ್ ಜೊತೆಗೆ 18ರಿಂದ 20 ಹೆಚ್ಚುವರಿ ಕ್ರೆಡಿಟ್ ಮಾಡಿದರೆ ಇನ್ನೊಂದು ವಿಷಯದಲ್ಲಿ ಮೈನರ್ ಸಿಗುತ್ತದೆ. ಸೇರಲಿರುವ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೈನರ್ ಇದೆಯೇ ಎಂದು ಪ್ರವೇಶಕ್ಕೆ ಮುಂಚೆಯೇ ಕೇಳಿ. ಇಲ್ಲದಿದ್ದರೂ ಕಂಗೆಡಬೇಕಿಲ್ಲ. ಮೊದಲ ವರ್ಷದ ಕ್ಯಾಲ್ಕುಲಸ್ ಮುಗಿದ ಮೇಲೆ ಸೂಕ್ಷ್ಮ ಅರ್ಥಶಾಸ್ತ್ರ, ಸಂಭವನೀಯತೆ ಮುಗಿದ ಮೇಲೆ ಇಕಾನಮೆಟ್ರಿಕ್ಸ್ ಹೀಗೆ ಕ್ರಮವಾಗಿ ಓದಿಕೊಂಡರೆ, ಬಿಇ ಮುಗಿಸಿದವರಿಗೆ ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಎಂಎ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಪರಿಮಾಣಾತ್ಮಕ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ತೆರೆದಿವೆ. ಎಂಜಿನಿಯರಿಂಗ್ ಗಣಿತ ಗಟ್ಟಿಯಿದ್ದವರಿಗೆ ಆ ಪ್ರವೇಶ ಪರೀಕ್ಷೆಗಳ ಅರ್ಧ ಭಾರ ಇಳಿದಂತೆ.

ನಾಲ್ಕು ವರ್ಷ ಬಿಇ, ಎರಡು ವರ್ಷ ಎಂಎ: ಮಧ್ಯಮ ವರ್ಗದ ಮನೆಗೆ ನಾನು ಸೂಚಿಸುವುದು ಇದನ್ನೇ. ಅಷ್ಟರೊಳಗೆ ಎರಡೂ ಶಾಸ್ತ್ರಗಳ ರುಚಿ ನೋಡಬೇಕೆನ್ನುವವರಿಗೆ ಹತ್ತಿರದಲ್ಲೇ ಒಂದು ಅವಕಾಶವಿದೆ. ಏಳು ಜಿಲ್ಲೆಗಳಿಗೆ ಕರೆಂಟ್ ಕೊಡುವ ಹೆಸ್ಕಾಂನ ಕೇಂದ್ರ ಕಚೇರಿ ಇರುವುದು ಹುಬ್ಬಳ್ಳಿಯ ನವನಗರದಲ್ಲಿ. ದರ ಪರಿಷ್ಕರಣೆ ಕೋರಿ ಅದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಸಲ್ಲಿಸುವ ಅರ್ಜಿ ಸಾರ್ವಜನಿಕ ದಾಖಲೆ. ಸೋರಿಕೆ, ಖರೀದಿ ಬೆಲೆ, ಸಬ್ಸಿಡಿ ಎಲ್ಲದರ ಅಂಕಿಅಂಶ ಅದರಲ್ಲಿದೆ. ಒಮ್ಮೆ ತೆಗೆದು ಓದಿ. ಆಯೋಗದ ಬಹಿರಂಗ ವಿಚಾರಣೆಗೂ ಹೋಗಿ ಬನ್ನಿ. ಆಕ್ಷೇಪಣೆ ಸಲ್ಲಿಸಲು ಯಾವ ಪದವಿಯೂ ಬೇಕಿಲ್ಲ.